ಹರ್ಬಲ್ ಕ್ರೀಮ್ ಡಬ್ಬಿಯ ಹಿಂದೆ ಪ್ಯಾರಾಬೆನ್ ಅಂತ ಬರೆದಿದೆ, ಹಚ್ಚಬಹುದಾ?

ಡೊಂಬಿವಲಿ ಸೊಸೆ:
ನಮ್ಮ ನಾದಿನಿಯ ಮಗಳಿಗೆ 17 ವರ್ಷ. ಮುಖದ ತುಂಬ ಮೊಡವೆ, ಕಲೆ. ಅತ್ತೆ "ಕೆಮಿಕಲ್ ಏನೂ ಬೇಡ, ಹರ್ಬಲ್ ಇದ್ದರೆ ತಾ" ಅಂದರು. ಸ್ಟೇಷನ್ ಪಕ್ಕದ ಅಂಗಡಿಯಿಂದ ಒಂದು ಡಬ್ಬಿ ತಂದೆ. ಮುಂದೆ ಲೋಳೆಸರ, ಅರಿಶಿನ, ಮಂಜಿಷ್ಠದ ಚಿತ್ರ. ಹಿಂದೆ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ಮೆಥೈಲ್‌ಪ್ಯಾರಾಬೆನ್, ಪ್ರೊಪೈಲ್‌ಪ್ಯಾರಾಬೆನ್, ಫಿನಾಕ್ಸಿಎಥನಾಲ್, ಡೈಸೋಡಿಯಂ ಇಡಿಟಿಎ, ಪರ್ಫ್ಯೂಮ್. ಗಿಡಮೂಲಿಕೆ ಅಂತ ಜಾಸ್ತಿ ದುಡ್ಡು ಕೊಟ್ಟು ಇದನ್ನೆಲ್ಲ ಯಾಕೆ ಹಚ್ಚಬೇಕು? ಪ್ಯಾರಾಬೆನ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ನಮ್ಮ ಸೊಸೈಟಿಯ ಬಿ ವಿಂಗ್ ಆಂಟಿ ಒಬ್ಬರು ಮುಂಬೈ ಟ್ರೇನು ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ಮಾರಲು ಬರುವವರಿಂದ ಒಂದು "ಆಯುರ್ವೇದಿಕ್" ಕ್ರೀಮ್ ತಗೊಂಡು ಹಚ್ಚುತ್ತಿದ್ದಾರೆ. ಅದರ ಮೇಲೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿಯೇ ಇಲ್ಲ. "ಕೆಮಿಕಲ್ ಇಲ್ಲ, ಅದಕ್ಕೇ ಪಟ್ಟಿ ಇಲ್ಲ" ಅನ್ನುತ್ತಾರೆ. ಒಂದೇ ವಾರದಲ್ಲಿ ಮುಖ ಬೆಳ್ಳಗಾಗಿದೆ, ಸುಳ್ಳಲ್ಲ, ನಾನೇ ನೋಡಿದ್ದೇನೆ. ಅತ್ತೆಗೆ ಅದೇ ಬೇಕಂತೆ. ಎರಡರಲ್ಲಿ ಯಾವುದು ಹುಡುಗಿಗೆ ಸುರಕ್ಷಿತ?

ಮೀರಾ ರೋಡ್ ಮಾರಾಯ:
ಪಟ್ಟಿ ಇಲ್ಲದ ಡಬ್ಬಿಯನ್ನು ಮುಟ್ಟಲೇಬೇಡಿ.

ಮಾಟುಂಗಾ ಮಾವ:
ತಂಗಿ, ಕೆಮಿಕಲ್ ಬೇಡ ಅಂತ ನಿಮ್ಮ ಅತ್ತೆ ಹೇಳಿದ್ದು ಸರಿಯೇ. ನಮ್ಮ ತಾಯಿ ಊರಲ್ಲಿ ಮಕ್ಕಳಿಗೆಲ್ಲ ತೆಂಗಿನೆಣ್ಣೆಗೆ ಅರಿಶಿನ ಕಲಸಿ ಹಚ್ಚುತ್ತಿದ್ದರು. ಪ್ಯಾರಾಬೆನ್ ಹೆಸರೇ ಕೇಳಿರಲಿಲ್ಲ, ಯಾರ ಚರ್ಮವೂ ಕೆಡಲಿಲ್ಲ. ಈಗ ಕಂಪನಿಗಳಿಗೆ ವರ್ಷಗಟ್ಟಲೆ ಅಂಗಡಿಯಲ್ಲಿಟ್ಟು ಮಾರಬೇಕು, ಅದಕ್ಕೆ ಇವನ್ನೆಲ್ಲ ಬೆರೆಸುತ್ತಾರೆ. ಲಾಭ ಅವರಿಗೆ, ತುರಿಕೆ ನಮಗೆ. ಮಾಟುಂಗಾ ಮಾರ್ಕೆಟ್‌ನಲ್ಲಿ ಕಸ್ತೂರಿ ಅರಿಶಿನ, ಮಂಜಿಷ್ಠ ಪುಡಿ ಎಲ್ಲ ಬಿಡಿಯಾಗಿ ಸಿಗುತ್ತದೆ. ತಂದು ಮನೆಯಲ್ಲೇ ಕ್ರೀಮ್ ಮಾಡಿಕೊಳ್ಳಿ.

ಲ್ಯಾಬ್ ಕೋಟು:
ಮಾವ, ನಿಮ್ಮ ಮಾತಲ್ಲೇ ಉತ್ತರ ಇದೆ. ತೆಂಗಿನೆಣ್ಣೆ ಮತ್ತು ಅರಿಶಿನ. ಅದರಲ್ಲಿ ನೀರು ಎಲ್ಲಿದೆ?

ನಾನು ತಳೋಜಾ ಕೈಗಾರಿಕಾ ಪ್ರದೇಶದಲ್ಲಿ ಕಾಸ್ಮೆಟಿಕ್ ತಯಾರಿಸುವ ಕಡೆ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ರೀಮ್ ಅಂದರೆ ನೀರು, ಎಣ್ಣೆ ಎರಡನ್ನೂ ಎಮಲ್ಸಿಫೈಯರ್ ಹಾಕಿ ಕೂಡಿಸಿದ್ದು. ಮಾಮೂಲಿ ಕ್ರೀಮಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಲೋಳೆಸರದ ತಿರುಳಂತೂ ಬಹುಪಾಲು ನೀರು. ಹಸಿ ಕೊಬ್ಬರಿ ಚಟ್ನಿ ಸಂಜೆಗೆ ಹಳಸುತ್ತದೆ, ಶೇಂಗಾ ಚಟ್ನಿಪುಡಿ ತಿಂಗಳಾದರೂ ಇರುತ್ತದೆ, ಅಲ್ವಾ? ಇದೂ ಅಷ್ಟೇ. ನೀರಿದ್ದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅದರಲ್ಲೂ ಗಿಡಮೂಲಿಕೆಯ ಸಾರ ಹಾಕಿದರೆ ಅವಕ್ಕೆ ಊಟವೂ ಸಿಕ್ಕಿತು. ಇವು ಬೆಳೆಯದಂತೆ ತಡೆಯುವುದೇ ಪ್ರಿಸರ್ವೇಟಿವ್, ಪ್ಯಾರಾಬೆನ್, ಫಿನಾಕ್ಸಿಎಥನಾಲ್ ಅಂಥವೇ. ಹಾಗಾಗಿ ಹರ್ಬಲ್ ಕ್ರೀಮಿಗೆ ಪ್ರಿಸರ್ವೇಟಿವ್ ಕೆಲಸ ಕಮ್ಮಿ ಅಲ್ಲ, ಜಾಸ್ತಿ.

ನಮ್ಮಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಕ್ರೀಮಿಗೆ ಬೇಕೆಂದೇ ಸ್ಟೆಫೈಲೋಕಾಕಸ್, ಸ್ಯೂಡೋಮೊನಾಸ್, ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾ, ಎರಡು ಬಗೆಯ ಫಂಗಸ್ ಬಿಟ್ಟು 28 ದಿನ ನೋಡುತ್ತಾರೆ. ಅವು ಸಾಯಬೇಕು. ಪ್ರಿಸರ್ವೇಟಿವ್ ಇಲ್ಲದ ಲೋಳೆಸರದ ಕ್ರೀಮ್ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಬೆರಳದ್ದಿ ತೆಗೆಯುವ ಡಬ್ಬಿ, ಮುಂಬೈ ಮಳೆಗಾಲದ ತೇವ, ಬಾತ್‌ರೂಮಿನ ಶೆಲ್ಫು. ಮೊಡವೆ ಒಡೆದ ಮುಖಕ್ಕೆ ಸ್ಯೂಡೋಮೊನಾಸ್ ಹಚ್ಚಿದರೆ ಏನಾಗುತ್ತದೆ ಅಂತ ಡಾಕ್ಟರುಗಳನ್ನು ಕೇಳಿ.

ಕೊತ್ರೂಡ್ ಕನ್ನಡತಿ:
ಕಂಪನಿಯವರು ಇನ್ನೇನು ಹೇಳುತ್ತಾರೆ. ಯುರೋಪಿನಲ್ಲಿ ಪ್ಯಾರಾಬೆನ್ ನಿಷೇಧ ಮಾಡಿದ್ದಾರೆ. ಅಲ್ಲಿ ಬೇಡವಾದದ್ದು ನಮಗೆ ಯಾಕೆ?

ಲ್ಯಾಬ್ ಕೋಟು:
ಎಲ್ಲ ಪ್ಯಾರಾಬೆನ್ ನಿಷೇಧ ಆಗಿಲ್ಲ ಅಕ್ಕ. 2014ರಲ್ಲಿ ಯುರೋಪ್ ನಿಲ್ಲಿಸಿದ್ದು ಐದು: ಐಸೊಪ್ರೊಪೈಲ್, ಐಸೊಬ್ಯುಟೈಲ್, ಫಿನೈಲ್, ಬೆಂಜೈಲ್, ಪೆಂಟೈಲ್. ಮೆಥೈಲ್ ಮತ್ತು ಈಥೈಲ್ ಅಲ್ಲಿ ಇಂದಿಗೂ ಶೇ. 0.4ರವರೆಗೆ ಹಾಕಬಹುದು. ಪ್ರೊಪೈಲ್, ಬ್ಯುಟೈಲ್ ಎರಡಕ್ಕೆ ಮಿತಿ ಇಳಿಸಿ ಶೇ. 0.14 ಮಾಡಿದರು. ಫಿನಾಕ್ಸಿಎಥನಾಲ್‌ಗೆ ಶೇ. 1. ನಮ್ಮಲ್ಲೂ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಐಎಸ್ 4707ರಲ್ಲಿ ಯಾವುದು ಹಾಕಬಹುದು, ಯಾವುದು ಬೇಡ ಅಂತ ಪಟ್ಟಿ ಇದೆ.

ಕ್ಯಾನ್ಸರ್ ಸುದ್ದಿಯ ಮೂಲ 2004ರ ಒಂದು ಅಧ್ಯಯನ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 20 ಸ್ತನ ಗಡ್ಡೆಗಳ ಮಾದರಿ ಪರೀಕ್ಷಿಸಿದಾಗ ಪ್ಯಾರಾಬೆನ್ ಸಿಕ್ಕಿತು. ಆರೋಗ್ಯವಂತ ಅಂಗಾಂಶದಲ್ಲಿ ಎಷ್ಟಿದೆ ಅಂತ ಹೋಲಿಸಿ ನೋಡಿರಲಿಲ್ಲ. ಗಡ್ಡೆ ಬಂದದ್ದು ಅದರಿಂದಲೇ ಅಂತಲೂ ಅದು ತೋರಿಸಲಿಲ್ಲ. ವಾಟ್ಸಾಪ್‌ನಲ್ಲಿ ಈ ಕೊನೆಯ ಭಾಗ ಬರುವುದೇ ಇಲ್ಲ.

ಕೊತ್ರೂಡ್ ಕನ್ನಡತಿ:
ಸರಿ, ಐದೇ ಇರಲಿ. ಆದರೆ ಪ್ರೊಪೈಲ್ ಮಿತಿಯನ್ನು ಯಾಕೆ ಇಳಿಸಿದರು? ಹಾರ್ಮೋನ್ ಮೇಲೆ ಪರಿಣಾಮ ಇರಬಹುದು ಅನ್ನುವ ಅನುಮಾನದಿಂದ ತಾನೆ. ಡೆನ್ಮಾರ್ಕ್ 2011ರಲ್ಲೇ ಮೂರು ವರ್ಷದೊಳಗಿನ ಮಕ್ಕಳ ವಸ್ತುಗಳಿಂದ ಪ್ರೊಪೈಲ್, ಬ್ಯುಟೈಲ್ ತೆಗೆಸಿತು. ನೀವು ಒಂದು ಡಬ್ಬಿಯ ಲೆಕ್ಕ ಹೇಳುತ್ತೀರಿ. ಹುಡುಗಿ ದಿನಕ್ಕೆ ಫೇಸ್‌ವಾಶ್, ಕ್ರೀಮ್, ಸನ್‌ಸ್ಕ್ರೀನ್, ಶ್ಯಾಂಪೂ, ಲಿಪ್‌ಬಾಮ್ ಎಲ್ಲ ಬಳಸುತ್ತಾಳೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಸೇರುತ್ತದೆ. ಇದರ ಲೆಕ್ಕ ಯಾರು ಇಡುತ್ತಾರೆ? 17 ವರ್ಷದ ಮಗು ಅದು. ಅನುಮಾನ ಇದ್ದರೆ ದೂರ ಇಡುವುದು ತಪ್ಪಲ್ಲ.

ಲ್ಯಾಬ್ ಕೋಟು:
ತಪ್ಪಲ್ಲ, ಒಪ್ಪುತ್ತೇನೆ. ಆದರೆ ಅದನ್ನು ತೆಗೆದ ಮೇಲೆ ಆ ಜಾಗಕ್ಕೆ ಏನು ಬಂತು ಅಂತಲೂ ನೋಡಬೇಕು. ಜನ ಪ್ಯಾರಾಬೆನ್ ಬೇಡ ಅಂದಾಗ ಬಹಳ ಕಂಪನಿಗಳು ಇನ್ನೊಂದು ಪ್ರಿಸರ್ವೇಟಿವ್ ಮೆಥೈಲ್‌ಐಸೊಥಯಾಜೊಲಿನೋನ್ ಹಾಕಿದವು. ಯುರೋಪಿನಲ್ಲಿ ಅದರಿಂದ ಚರ್ಮದ ಅಲರ್ಜಿ ಎಷ್ಟು ಏರಿತು ಅಂದರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನೇ ವರ್ಷದ ಅಲರ್ಜನ್, ಅಂದರೆ ಅಲರ್ಜಿ ತರುವ ವಸ್ತು ಅಂತ ಸಾರಿತು. 2017ರಿಂದ ಯುರೋಪಿನಲ್ಲಿ ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದು ನಿಷೇಧ. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್ ಅಲರ್ಜಿ ಮಾಡುವುದು ಬಹಳ ಕಮ್ಮಿ ಅಂತ ಅದನ್ನು ವರ್ಷದ "ನಾನ್‌ಅಲರ್ಜನ್" ಅಂತ ಕರೆಯಿತು. ಡಬ್ಬಿಯ ಮುಂದೆ "ಪ್ಯಾರಾಬೆನ್ ಫ್ರೀ" ಅಂತ ಕಂಡರೆ ತಿರುಗಿಸಿ ಹಿಂದೆ ಇನ್ನೇನಿದೆ ಓದಿ. ಡಿಎಂಡಿಎಂ ಹೈಡಾಂಟೊಯಿನ್, ಇಮಿಡಜೊಲಿಡಿನೈಲ್ ಯೂರಿಯಾ ಇದ್ದರೆ ಅವು ಸ್ವಲ್ಪ ಸ್ವಲ್ಪ ಫಾರ್ಮಾಲ್ಡಿಹೈಡ್ ಬಿಡುವಂಥವು.

ಹುಬ್ಬಳ್ಳಿ ಟು ಪುಣೆ:
ಫಾರ್ಮಾಲ್ಡಿಹೈಡ್ ಅಂದರೆ ಕಾಲೇಜ್ ಲ್ಯಾಬಿನಲ್ಲಿ ಕಪ್ಪೆ ಇಡುತ್ತಿದ್ದರಲ್ಲ, ಅದೇನಾ? ಮುಖಕ್ಕಾ?!

ಲ್ಯಾಬ್ ಕೋಟು:
ಅದೇ ವಸ್ತು, ಪ್ರಮಾಣ ತೀರಾ ಕಮ್ಮಿ. ಆದರೂ ಅಲರ್ಜಿ ಇರುವವರಿಗೆ ಸಾಕಾಗುತ್ತದೆ.

ಮಾಟುಂಗಾ ಮಾವ:
ಇಷ್ಟು ತಾಪತ್ರಯ ಯಾಕೆ? ನೀರೇ ಸಮಸ್ಯೆ ಅಂತಾದರೆ ನೀರಿಲ್ಲದ್ದನ್ನೇ ಹಚ್ಚಿ. ಕುಂಕುಮಾದಿ ತೈಲ ಇದೆ, ಎಣ್ಣೆ. ನಮ್ಮ ಹಿರಿಯರು ಲೇಪ ಮಾಡುತ್ತಿದ್ದರು, ಆಗಲೇ ಅರೆದು, ಆಗಲೇ ಹಚ್ಚಿ, ಒಣಗಿದ ಮೇಲೆ ತೊಳೆದು ಉಳಿದದ್ದನ್ನು ಎಸೆಯುತ್ತಿದ್ದರು. ಡಬ್ಬಿಯಲ್ಲಿ ತುಂಬಿ ವರ್ಷ ಇಡುವ ಪದ್ಧತಿ ಎಲ್ಲಿತ್ತು? ಹಿರಿಯರಿಗೆ ಪ್ರಿಸರ್ವೇಟಿವ್ ಬೇಕಾಗಲಿಲ್ಲ ಯಾಕೆ ಅಂತ ಈಗ ಲ್ಯಾಬ್ ಹುಡುಗನೇ ಹೇಳಿದ ಹಾಗಾಯಿತು.

ವೈದ್ಯರ ಮಗಳು:
ಮಾವ, ಈ ಮಾತು ಬಹಳ ಸರಿ. ನಾನು ಆಯುರ್ವೇದದ ಪದವಿ ಬಿಎಎಂಎಸ್ ಮಾಡಿದ್ದೇನೆ, ಠಾಣೆಯಲ್ಲಿ ಪ್ರಾಕ್ಟೀಸ್. ತೈಲ, ಘೃತ ಅಂದರೆ ತುಪ್ಪ, ಒಣ ಚೂರ್ಣ, ಆಗಲೇ ಅರೆದ ಲೇಪ, ಇವು ನಮ್ಮ ಶಾಸ್ತ್ರದ ರೂಪಗಳು. ಬಿಳಿ ಬಿಳಿ ಕ್ರೀಮ್ ನಮ್ಮ ಗ್ರಂಥಗಳಲ್ಲಿಲ್ಲ. ಕ್ರೀಮ್ ಬೇಕು, ಆದರೆ ಪ್ರಿಸರ್ವೇಟಿವ್ ಬೇಡ ಅನ್ನುವುದು ಆಯುರ್ವೇದ ಅಲ್ಲ.

ಆದರೆ "ಗಿಡಮೂಲಿಕೆ ಅಂದರೆ ಏನೂ ಆಗುವುದಿಲ್ಲ" ಅನ್ನುವುದನ್ನು ಒಪ್ಪುವುದಿಲ್ಲ. ಬಾವಂಚಿ ಬೀಜ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಬಿಳಿ ತೊನ್ನಿಗೆ ಅದನ್ನು ಕೊಡುವುದೂ ಆ ಗುಣಕ್ಕೇ, ಅದೂ ಅಳತೆಯಲ್ಲಿ. ಭಲ್ಲಾತಕ (ಕೇರುಬೀಜ), ಹಿಂಗುಲ (ಪಾದರಸದ ಅದಿರು), ಪಾದರಸ ಎಲ್ಲ ನಮ್ಮ ಔಷಧ ನಿಯಮದ ಶೆಡ್ಯೂಲ್ ಇ(1)ರಲ್ಲಿ, ಅಂದರೆ ವಿಷದ ಪಟ್ಟಿಯಲ್ಲಿವೆ. ಆಯುರ್ವೇದ ಇವನ್ನು ವಿಷ ಅಂತಲೇ ಕರೆದಿದೆ, ಶೋಧನೆ, ಅಂದರೆ ಶುದ್ಧಿ ಮಾಡದೆ ಮುಟ್ಟಬೇಡ ಅಂದಿದೆ. ಟ್ರೇನಿನಲ್ಲಿ ಮಾರುವವರು ಯಾವ ಶೋಧನೆ ಮಾಡಿರುತ್ತಾರೆ?

ಪಣಜಿ ಪೇಟೆ:
ಬಾವಂಚಿ ತನಕ ಹೋಗುವುದೇ ಬೇಡ. ಗೋವಾದಲ್ಲಿ ಲಿಂಬೆ ಸಾಕು. ಯೂಟ್ಯೂಬ್ ನೋಡಿ ಮುಖಕ್ಕೆ ಲಿಂಬೆರಸ ಹಚ್ಚಿ ಬೀಚಿಗೆ ಹೋದವರ ಕೆನ್ನೆಯ ಮೇಲೆ ರಸ ಇಳಿದ ಗೆರೆಯ ಉದ್ದಕ್ಕೂ ಕಪ್ಪು ಕಲೆ ಬಿದ್ದದ್ದನ್ನು ಕಂಡಿದ್ದೇನೆ. ಲಿಂಬೆಯಲ್ಲಿ ಬಿಸಿಲಿಗೆ ಸಿಡಿಯುವ ವಸ್ತು ಇದೆಯಂತೆ. ಗೋಡಂಬಿ ಸುಲಿಯುವ ಕಡೆ ಕೆಲಸ ಮಾಡುವವರ ಕೈ ನೋಡಿ, ಆ ಸಿಪ್ಪೆಯ ಎಣ್ಣೆಗೆ ಚರ್ಮ ಕಿತ್ತು ಬರುತ್ತದೆ. ಅದೂ ನೂರಕ್ಕೆ ನೂರು ಪ್ರಕೃತಿಯದ್ದೇ.

ಕೊತ್ರೂಡ್ ಕನ್ನಡತಿ:
ನಾನು ಮನೆಯಲ್ಲೇ ಲೋಳೆಸರದ ಕ್ರೀಮ್ ಮಾಡಿ ಗೆಳತಿಯರಿಗೆ ಕೊಡುತ್ತೇನೆ. ವಿಟಮಿನ್ ಇ ಮತ್ತು ದ್ರಾಕ್ಷಿಹಣ್ಣಿನ, ಅಂದರೆ ಗ್ರೇಪ್‌ಫ್ರೂಟ್ ಬೀಜದ ಸಾರ ಹಾಕುತ್ತೇನೆ. ಎರಡೂ ನೈಸರ್ಗಿಕ. ಯಾರಿಗೂ ತೊಂದರೆ ಆಗಿಲ್ಲ.

ಲ್ಯಾಬ್ ಕೋಟು:
ಅಕ್ಕ, ಗ್ರೇಪ್‌ಫ್ರೂಟ್ ದ್ರಾಕ್ಷಿ ಅಲ್ಲ, ಚಕ್ಕೋತದ ಜಾತಿ. ಅದು ಹೋಗಲಿ. ವಿಟಮಿನ್ ಇ ಎಣ್ಣೆ ಕಮಟು ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಇನ್ನು ಅಂಗಡಿಯ ಗ್ರೇಪ್‌ಫ್ರೂಟ್ ಬೀಜದ ಸಾರವನ್ನು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ಹಲವು ಮಾದರಿಗಳಲ್ಲಿ ಬೆಂಜೆಥೋನಿಯಂ ಕ್ಲೋರೈಡ್, ಟ್ರೈಕ್ಲೊಸಾನ್, ಮೆಥೈಲ್‌ಪ್ಯಾರಾಬೆನ್ ಸಿಕ್ಕಿವೆ. ಕೆಲಸ ಮಾಡುತ್ತಿದ್ದದ್ದು ಅವೇ. ಪ್ಯಾರಾಬೆನ್ ಬೇಡ ಅಂತ ತಂದದ್ದರಲ್ಲೇ ಅದು ಇರಬಹುದು, ಹೆಸರು ಮಾತ್ರ ಇರುವುದಿಲ್ಲ.

ಕೊತ್ರೂಡ್ ಕನ್ನಡತಿ:
ನನ್ನ ಕ್ರೀಮನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಲು ಹೇಳುತ್ತೇನೆ. ಅಂಗಡಿಯ ಡಬ್ಬಿಗಿಂತ ಅದೇ ವಾಸಿ ಅನ್ನುವುದನ್ನು ಬಿಡುವುದಿಲ್ಲ. ಏನು ಹಾಕಿದ್ದೇನೆ ಅಂತ ನನಗಾದರೂ ಗೊತ್ತು.

ಮೀರಾ ರೋಡ್ ಮಾರಾಯ:
ಫ್ರಿಜ್‌ನಲ್ಲಿಟ್ಟು ವಾರದಲ್ಲಿ ಮುಗಿಸುವುದಾದರೆ ಜಗಳವೇ ಇಲ್ಲ ಮಾರಾಯ್ರೆ. ಕೊರಿಯರ್ ಮಾಡಿ ಮಾರಲು ಶುರು ಮಾಡಿದಾಗ ಕಷ್ಟ.

ಠಾಣೆ ಸ್ಕಿನ್ ಓಪಿಡಿ:
ಎಲ್ಲರೂ ಪ್ಯಾರಾಬೆನ್ ಹಿಂದೆ ಓಡುತ್ತಿದ್ದೀರಿ. ಪೋಸ್ಟಿನ ಎರಡನೇ ಪ್ಯಾರಾ ಓದಿದಾಗ ನನಗೆ ಗಾಬರಿ ಆಯಿತು. ನಾನು ಚರ್ಮದ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. "ವಾರದಲ್ಲಿ ಬೆಳ್ಳಗಾದೆ" ಅನ್ನುವ ರೋಗಿ ಬಂದರೆ ನಮಗೆ ಎರಡೇ ಅನುಮಾನ. ಒಂದು ಸ್ಟಿರಾಯ್ಡ್, ಇನ್ನೊಂದು ಪಾದರಸ. ಅಷ್ಟು ಬೇಗ ಬಣ್ಣ ಬದಲಿಸುವ ಗಿಡಮೂಲಿಕೆ ಯಾವುದೂ ಇಲ್ಲ. ಅತಿಮಧುರ, ಮಂಜಿಷ್ಠ ಯಾವುದೂ ವಾರದಲ್ಲಿ ಹಾಗೆ ಮಾಡುವುದಿಲ್ಲ.

ಸ್ಟಿರಾಯ್ಡ್ ಅಂದರೆ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಥರದ್ದು. ಎಕ್ಸಿಮಾದಂಥ ಕಾಯಿಲೆಗೆ ಒಳ್ಳೆಯ ಔಷಧಿ, ನಾವೇ ಬರೆಯುತ್ತೇವೆ. ಕದ್ದು ಬೆರೆಸಿ ದಿನಾ ಮುಖಕ್ಕೆ ಹಚ್ಚಿಸಿದರೆ ಮೊದಲು ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಹೆಂಗಸರಿಗೆ ಮುಖದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ, ತುರಿಕೆ, ಹಾಗಾಗಿ ಮತ್ತೆ ಹಚ್ಚುತ್ತಾರೆ. ಬಿಡಿಸುವುದು ತಿಂಗಳುಗಟ್ಟಲೆ ಕೆಲಸ. 2018ರಲ್ಲಿ ಸರಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಹಾಕಿದ್ದೂ ಇದಕ್ಕೇ.

"ಹರ್ಬಲ್" ಹೆಸರಲ್ಲಿ ಸ್ಟಿರಾಯ್ಡ್ ಬೆರೆಸುವುದು ಇವತ್ತಿನ ಕಥೆ ಅಲ್ಲ. 1999ರಲ್ಲೇ ಲಂಡನ್ನಿನಲ್ಲಿ ಚೀನೀ ಗಿಡಮೂಲಿಕೆಯದ್ದು ಅಂತ ಕೊಟ್ಟ 11 ಕ್ರೀಮ್ ಪರೀಕ್ಷಿಸಿದಾಗ 8ರಲ್ಲಿ ಡೆಕ್ಸಾಮೆಥಾಸೋನ್ ಸಿಕ್ಕಿತ್ತು. ಕೆಲವನ್ನು ಮಕ್ಕಳಿಗೂ ಕೊಟ್ಟಿದ್ದರು.

ಲೇಡೀಸ್ ಡಬ್ಬಾ:
ಡಾಕ್ಟ್ರೇ, ಪಾದರಸ ಅಂದರೆ ಥರ್ಮಾಮೀಟರಿನದ್ದು ತಾನೆ, ಅದನ್ನು ಕ್ರೀಮಿಗೆ ಹಾಕುತ್ತಾರಾ? ನಮ್ಮ ಗುಂಪಿನಲ್ಲಿ ಎಷ್ಟೋ ಜನ ಆ ಕ್ರೀಮ್ ತಗೊಳ್ಳುತ್ತಾರೆ. ಕಿವಿಯೋಲೆ, ಸೇಫ್ಟಿ ಪಿನ್, ಕ್ಲಿಪ್ ಮಾರುವ ಹೆಂಗಸೇ ತರುತ್ತಾಳೆ, ಪಾಪ ಅವಳಿಗೂ ಒಳಗೆ ಏನಿದೆ ಗೊತ್ತಿರಲಿಕ್ಕಿಲ್ಲ.

ಠಾಣೆ ಸ್ಕಿನ್ ಓಪಿಡಿ:
ಲೋಹದ ರೂಪದಲ್ಲಲ್ಲ, ಲವಣದ ರೂಪದಲ್ಲಿ ಹಾಕುತ್ತಾರೆ. ಕ್ಯಾಲೊಮೆಲ್ ಅನ್ನುವುದು ಒಂದು. ಅದು ಚರ್ಮದಲ್ಲಿ ಮೆಲನಿನ್ ಆಗುವುದನ್ನು ತಡೆಯುತ್ತದೆ, ಹಾಗಾಗಿ ಬಿಳುಪು. ಆದರೆ ಚರ್ಮದ ಮೂಲಕ ರಕ್ತಕ್ಕೆ ಹೋಗಿ ಕಿಡ್ನಿಯಲ್ಲಿ ಸೇರುತ್ತದೆ. ಕಿಡ್ನಿಯ ಜರಡಿ ಹಾಳಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ನೊರೆ ಮೂತ್ರ, ಕಾಲು ಬಾವು, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ.

ಕೇರಳದ ಕೊಟ್ಟಕ್ಕಲ್‌ನ ಡಾಕ್ಟರುಗಳು 2021ರ ಜುಲೈನಿಂದ 2023ರ ಸೆಪ್ಟೆಂಬರ್ ತನಕ ಮೆಂಬ್ರೇನಸ್ ನೆಫ್ರೋಪತಿ ಅನ್ನುವ ಕಿಡ್ನಿ ಕಾಯಿಲೆಯ 22 ಜನರನ್ನು ನೋಡಿದರು. ಅದರಲ್ಲಿ 15 ಜನರಿಗೆ ಎನ್‌ಇಎಲ್‌ಎಲ್-1 ಅನ್ನುವ ಅಪರೂಪದ ಬಗೆ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರು. ನಮ್ಮ ಮಹಾರಾಷ್ಟ್ರದ ಅಕೋಲಾದಲ್ಲೂ ಒಂದೇ ಮನೆಯ ತಾಯಿ, ಹೆಣ್ಣುಮಕ್ಕಳು ಇಂಥದೇ ಕ್ರೀಮ್ ಹಚ್ಚಿ ಕಿಡ್ನಿ ತೊಂದರೆಗೆ ಸಿಕ್ಕಿದ್ದು ಪೇಪರಿನಲ್ಲಿ ಬಂದಿತ್ತು.

ಆಂಟಿ ಆ ಡಬ್ಬಿಯನ್ನು ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಲಿ. ಒಂದು ಮೂತ್ರ ಪರೀಕ್ಷೆ ಮಾಡಿಸಲಿ, ದುಬಾರಿ ಅಲ್ಲ. ಕ್ರೀಮ್ ನಿಲ್ಲಿಸಬೇಕು. ಸ್ಟಿರಾಯ್ಡ್ ಇದ್ದರೆ ನಿಲ್ಲಿಸಿದ ಮೇಲೆ ಮುಖ ಕೆಂಪಾಗಿ ಉರಿಯಬಹುದು, ಆಗ ಹೆದರಿ ಮತ್ತೆ ಅದನ್ನೇ ಹಚ್ಚಬಾರದು. ಅದಕ್ಕೇ ಡಾಕ್ಟರ ಜೊತೆ ಇದ್ದು ಬಿಡಬೇಕು ಅನ್ನುವುದು.

ಡೊಂಬಿವಲಿ ಸೊಸೆ:
ಅಯ್ಯೋ. ಆಂಟಿಗೆ ಇವತ್ತೇ ಹೇಳುತ್ತೇನೆ. ಅತ್ತೆಗೂ ಇದನ್ನೇ ಓದಿ ಹೇಳಿದೆ, "ಹಾಗಾದರೆ ಅದು ಬೇಡವೇ ಬೇಡ" ಅಂದರು. ಡಾಕ್ಟ್ರೇ, ಪಾದರಸ ಇದೆಯಾ ಅಂತ ಮನೆಯಲ್ಲೇ ತಿಳಿಯುವ ಉಪಾಯ ಇದೆಯಾ?

ಠಾಣೆ ಸ್ಕಿನ್ ಓಪಿಡಿ:
ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ, ಲ್ಯಾಬೇ ಬೇಕು. ಕೆಲವು ಸುಳಿವು ಇವೆ. ಬೆಳಕಿಗಿಟ್ಟರೆ ಕ್ರೀಮ್ ಬೂದಿ ಬಣ್ಣಕ್ಕೆ ತಿರುಗಬಹುದು. ಡಬ್ಬಿಯ ಮೇಲೆ "ಚಿನ್ನ, ಬೆಳ್ಳಿ, ಅಲ್ಯುಮಿನಿಯಂ, ರಬ್ಬರ್ ತಾಗಿಸಬೇಡಿ, ಒಡವೆ ತೆಗೆದಿಟ್ಟು ಹಚ್ಚಿ" ಅಂತ ಇದ್ದರೆ ಪಾದರಸ ಇರುವ ಸಾಧ್ಯತೆ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಈ ಯಾವ ಸುಳಿವೂ ಕಾಣಲಿಲ್ಲ ಅಂತ ಪಾದರಸ ಇಲ್ಲ ಅಂದುಕೊಳ್ಳಬೇಡಿ.

ಹುಬ್ಬಳ್ಳಿ ಟು ಪುಣೆ:
ಇಲ್ಲಿ ಪುಣೆಯ ಮಾರ್ಕೆಟ್ ತುಳಶೀಬಾಗ್‌ನಲ್ಲಿ ಇಂಥ ಡಬ್ಬಿಗಳು ರಾಶಿ ಬಿದ್ದಿರುತ್ತವೆ ನೋಡ್ರಿ. ಯಾವ ದೇಶದ್ದು ಅಂತಲೂ ಗೊತ್ತಾಗುವುದಿಲ್ಲ, ಉರ್ದುವಿನಲ್ಲೋ ಥಾಯ್‌ನಲ್ಲೋ ಏನೋ ಬರೆದಿರುತ್ತದೆ. ನನ್ನ ತಂಗಿ ಮದುವೆಗೆ ಮುಂಚೆ ಹಚ್ಚಿಕೊಂಡು ಮದುವೆಯ ದಿನ ಮುಖ ಕೆಂಡದಂತಾಗಿತ್ತು. ಫೋಟೋ ನೋಡಲು ಈಗಲೂ ಒಪ್ಪುವುದಿಲ್ಲ. ಹುಡುಗಿಯರಿಗೆ ಬೆಳ್ಳಗಾಗು ಅಂತ ಕಾಡುವ ಮನೆಯವರನ್ನೂ ಇಲ್ಲಿ ಸ್ವಲ್ಪ ಬೈಯಬೇಕು. ಮೊಡವೆಗೆ ಔಷಧಿ ಕೇಳಿದರೆ ಬಿಳುಪಿನ ಕ್ರೀಮ್ ಯಾಕೆ ಬಂತು ನಡುವೆ?

ಲೇಡೀಸ್ ಡಬ್ಬಾ:
ಈ ಮಾತಿಗೆ ನೂರು ಲೈಕ್.

ಮಾಟುಂಗಾ ಮಾವ:
ಬಣ್ಣದ ಹುಚ್ಚು ತಪ್ಪು, ಒಪ್ಪಿದೆ. ಆದರೆ ಹುಡುಗಿಗೆ ಈಗ ಎಣ್ಣೆಯೇ ಒಳ್ಳೆಯದು ಅನ್ನುವುದು ನನ್ನ ಮಾತು.

ಠಾಣೆ ಸ್ಕಿನ್ ಓಪಿಡಿ:
ಮಾವ, ಒಣ ಚರ್ಮಕ್ಕೆ ಸರಿ. ಮೊಡವೆ ಇರುವ ಮುಖಕ್ಕೆ ತೆಂಗಿನೆಣ್ಣೆ ಬೇಡ, ರಂಧ್ರ ಮುಚ್ಚಿ ಇನ್ನೂ ಜಾಸ್ತಿ ಆಗುತ್ತದೆ. ಮೊಡವೆಗೆ ಬೆಂಜೋಯಿಲ್ ಪೆರಾಕ್ಸೈಡ್, ಅಡಾಪಲಿನ್ ಅನ್ನುವ ಔಷಧಿಗಳಿವೆ, ಡಾಕ್ಟರು ನೋಡಿ ಕೊಡುತ್ತಾರೆ. ಕೆಇಎಂ, ಸಾಯನ್ ಥರದ ಪಾಲಿಕೆ ಆಸ್ಪತ್ರೆಗಳ ಚರ್ಮದ ಓಪಿಡಿಯಲ್ಲಿ ಖರ್ಚೂ ಹೆಚ್ಚಿಲ್ಲ. ಬೆಳಿಗ್ಗೆ ಬೇಗ ಹೋಗಿ ಕೇಸ್‌ಪೇಪರ್ ಮಾಡಿಸಬೇಕು.

ಪಣಜಿ ಪೇಟೆ:
ಹಾಗಾದರೆ ಸೊಸೆ ತಂದ ಮೊದಲನೇ ಡಬ್ಬಿ ಎಸೆಯಬೇಕಾ, ಹಚ್ಚಬೇಕಾ? ಅದಕ್ಕೆ ಯಾರೂ ನೇರ ಉತ್ತರ ಕೊಡಲಿಲ್ಲ.

ಠಾಣೆ ಸ್ಕಿನ್ ಓಪಿಡಿ:
ಪಟ್ಟಿಯಲ್ಲಿರುವ ಪ್ಯಾರಾಬೆನ್, ಫಿನಾಕ್ಸಿಎಥನಾಲ್, ಇಡಿಟಿಎ ನೋಡಿ ನಾನು ಎಸೆಯುವುದಿಲ್ಲ. ಅದರಲ್ಲಿ ನನಗೆ ಅನುಮಾನ ಬರುವುದು ಕೊನೆಯ ಹೆಸರು, ಪರ್ಫ್ಯೂಮ್. ಆ ಒಂದೇ ಹೆಸರಿನ ಅಡಿಯಲ್ಲಿ ಹತ್ತಾರು ವಸ್ತು ಇರಬಹುದು. ಲಿನಲೂಲ್, ಜೆರಾನಿಯೋಲ್, ಯೂಜೆನಾಲ್ ಎಲ್ಲ ಅಲರ್ಜಿ ಮಾಡುತ್ತವೆ, ಲ್ಯಾವೆಂಡರ್, ಗುಲಾಬಿ, ಲವಂಗದ ಎಣ್ಣೆಯಲ್ಲೂ ಅವೇ ಇರುವುದು. ಯುರೋಪಿನಲ್ಲಿ ಇಂಥ 26ನ್ನು ಹೆಸರು ಹೇಳಿ ಬರೆಯಬೇಕು ಅಂತ ಮೊದಲೇ ಇತ್ತು, 2023ರಲ್ಲಿ ಆ ಪಟ್ಟಿಯನ್ನು 80 ದಾಟಿಸಿದರು. ಓಪಿಡಿಯಲ್ಲಿ ಕ್ರೀಮಿನ ಅಲರ್ಜಿ ಅಂತ ಬರುವವರಲ್ಲಿ ಸುವಾಸನೆಯಿಂದ ಆದದ್ದು ಬಹಳ ಕಾಣುತ್ತೇವೆ.

ಹುಡುಗಿ ಮುಖಕ್ಕೆ ಹಚ್ಚುವ ಮೊದಲು ಒಳಮೊಣಕೈ ಹತ್ತಿರ ಸಣ್ಣ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಲಿ. ಒಂದು ಸಲ ಹಚ್ಚಿ ಹತ್ತು ನಿಮಿಷ ನೋಡುವುದು ಸಾಲದು, ಅಲರ್ಜಿ ತಡವಾಗಿ ಏಳುತ್ತದೆ. ಅರಿಶಿನ, ಕುಂಕುಮಕ್ಕೂ ಅಲರ್ಜಿ ಆಗುವವರಿದ್ದಾರೆ.

ವೈದ್ಯರ ಮಗಳು:
ಇದಕ್ಕೆ ಒಂದು ಸೇರಿಸುತ್ತೇನೆ. ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಹರ್ಬಲ್ ಅಂತ ಮಾರುವ ಬಹಳಷ್ಟು ಕ್ರೀಮ್ ಕಾನೂನಿನ ಲೆಕ್ಕದಲ್ಲಿ ಸಾಮಾನ್ಯ ಕಾಸ್ಮೆಟಿಕ್, ಅದಕ್ಕೆ ಕಾಸ್ಮೆಟಿಕ್ ಲೈಸೆನ್ಸ್. ನಿಜವಾದ ಆಯುರ್ವೇದ ಲೈಸೆನ್ಸಿನ ಕೆಳಗೆ ಸೌಂದರ್ಯ ಪ್ರಸಾದಕ ಅಂತ ಒಂದು ಬೇರೆ ವರ್ಗವೇ ಇದೆ. ಅಲ್ಲಿ ಯಾವ ಮೂಲಿಕೆ ಎಷ್ಟು ಅಂತ ಪ್ರಮಾಣವನ್ನೂ ಬರೆಯಬೇಕು. ಎರಡೂ ಇಲ್ಲದಿದ್ದರೆ ಅದು ಯಾರದ್ದೂ ಅಲ್ಲದ ಡಬ್ಬಿ.

ಕಾನೂನು ಪುಸ್ತಕ:
ತಡವಾಗಿ ನೋಡಿದೆ. ಕಾಸ್ಮೆಟಿಕ್ಸ್ ನಿಯಮ 2020ರ ಪ್ರಕಾರ ಮಾಮೂಲಿ ಕ್ರೀಮಿನಲ್ಲಿ ಅಕಸ್ಮಾತ್ ಸೇರಿದ ಪಾದರಸ ಕೂಡ 10 ಲಕ್ಷ ಭಾಗಕ್ಕೆ 1 ಭಾಗ ದಾಟಬಾರದು.  ಇಂಥ ಕ್ರೀಮಿಗೆ ಬೇಕೆಂದೇ ಹಾಕುವ ಹಾಗೇ ಇಲ್ಲ. ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿದೆ.

ಪದಾರ್ಥಗಳ ಪಟ್ಟಿಯಲ್ಲಿ ಶೇ. 1ಕ್ಕಿಂತ ಜಾಸ್ತಿ ಇರುವುದನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆಯಬೇಕು. ಶೇ. 1 ಅಥವಾ ಕಮ್ಮಿ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂದೆ ಚಿತ್ರದಲ್ಲಿರುವ ಮಂಜಿಷ್ಠ ಹಿಂದಿನ ಪಟ್ಟಿಯಲ್ಲಿ ಪ್ಯಾರಾಬೆನ್ ಪಕ್ಕದಲ್ಲಿ ಕೂತಿದ್ದರೆ ಅದು ಎಷ್ಟಿದೆ ಅಂತ ಲೆಕ್ಕ ಹಾಕಿ. ಇನ್ನೊಂದು ಕಿಂಡಿ ಇದೆ: 30 ಗ್ರಾಂಗಿಂತ ಸಣ್ಣ ಕ್ರೀಮ್ ಡಬ್ಬಿಗೆ ಈ ಪಟ್ಟಿ ಬರೆಯಲೇಬೇಕೆಂದಿಲ್ಲ. ಸಣ್ಣ ಡಬ್ಬಿಗಳೇ ಜಾಸ್ತಿ ಮಾರಾಟ ಆಗುವ ದೇಶದಲ್ಲಿ ಈ ವಿನಾಯಿತಿಯನ್ನು ತೆಗೆಯಬೇಕು ಅಂತ ನನ್ನ ಅಭಿಪ್ರಾಯ.

ಲ್ಯಾಬ್ ಕೋಟು:
ಈ ವಿನಾಯಿತಿ ನನಗೂ ಸರಿ ಕಾಣುವುದಿಲ್ಲ. ಕಾಗದದ ಪೆಟ್ಟಿಗೆಯ ಮೇಲೆ ಬರೆಯಲು ಜಾಗ ಇದ್ದೇ ಇರುತ್ತದೆ.

ಕೊತ್ರೂಡ್ ಕನ್ನಡತಿ:
ಅಂತೂ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಕಡೆ. ಪ್ರೊಪೈಲ್‌ಪ್ಯಾರಾಬೆನ್ ಬಗ್ಗೆ ನನ್ನ ಮಾತು ಹಾಗೇ ಇದೆ, ಸಿಗುವಾಗ ಬೇರೆಯದನ್ನೇ ತಗೊಳ್ಳುತ್ತೇನೆ.

ಡೊಂಬಿವಲಿ ಸೊಸೆ:
ಆಂಟಿ ಬರಲು ಒಪ್ಪಿದರು. ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ಆ ಕ್ರೀಮನ್ನು ಪರೀಕ್ಷೆಗೆ ಎಲ್ಲಿ ಕೊಡಬೇಕು? ಬಿಲ್ ಏನೂ ಇಲ್ಲ, ಟ್ರೇನಿನಲ್ಲಿ ತಗೊಂಡದ್ದು.

ಕಾನೂನು ಪುಸ್ತಕ:
ಔಷಧ ಮತ್ತು ಕಾಸ್ಮೆಟಿಕ್ಸ್ ಕಾಯ್ದೆ 1940ರ 26ನೇ ಸೆಕ್ಷನ್ ಪ್ರಕಾರ ಕೊಂಡವರು ಯಾರೇ ಆದರೂ ಶುಲ್ಕ ಕಟ್ಟಿ ಸರಕಾರಿ ಅನಾಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ ವರದಿ ಕೇಳಬಹುದು. ಮಹಾರಾಷ್ಟ್ರದ ಆಹಾರ ಮತ್ತು ಔಷಧ ಇಲಾಖೆಯ, ಅಂದರೆ ಎಫ್‌ಡಿಎ ಮುಖ್ಯ ಕಚೇರಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. ಬಿಲ್ ಇಲ್ಲದಿದ್ದರೂ ದೂರು ಬರೆದು ಕೊಡಿ. ಯಾವ ಲೈನು, ಯಾವ ಹೊತ್ತು, ಡಬ್ಬಿಯ ಮೇಲಿನ ಹೆಸರು, ಬ್ಯಾಚ್ ನಂಬರ್ ಇದ್ದರೆ ಅದನ್ನೂ ಬರೆಯಿರಿ. ಮಾರುವ ಹೆಂಗಸಿನ ಮೇಲೆ ಅಲ್ಲ, ಡಬ್ಬಿ ತುಂಬಿಸುವವರ ಮೇಲೆ ದೂರು ಅಂತ ಸ್ಪಷ್ಟ ಮಾಡಿ.

ಲ್ಯಾಬ್ ಕೋಟು:
ಖಾಸಗಿಯಾಗಿ ಬೇಕಾದರೆ ಎನ್‌ಎಬಿಎಲ್ ಅನ್ನುವ ಲ್ಯಾಬ್ ಗುಣಮಟ್ಟ ಮಂಡಳಿಯ ಮಾನ್ಯತೆ ಇರುವ ಲ್ಯಾಬಿನಲ್ಲಿ "ಐಸಿಪಿ-ಎಂಎಸ್‌ನಲ್ಲಿ ಪಾದರಸ" ಅಂತ ಕೇಳಿ. ಅದು ಲೋಹ ಅಳೆಯುವ ಪರೀಕ್ಷೆ. ಸ್ಟಿರಾಯ್ಡಿಗೆ ಬೇರೆ ಪರೀಕ್ಷೆ, ಅದನ್ನೂ ಹೇಳಿ ಮಾಡಿಸಬೇಕು, ಒಂದರಲ್ಲಿ ಎರಡೂ ಸಿಗುವುದಿಲ್ಲ. ಕ್ರೀಮನ್ನು ಬೇರೆ ಡಬ್ಬಿಗೆ ಹಾಕಬೇಡಿ, ಇದ್ದ ಡಬ್ಬಿಯಲ್ಲೇ, ಹೊರಗಿನ ಪೆಟ್ಟಿಗೆ ಸಮೇತ ಕೊಡಿ. ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ.